ಓಡೋ ಮೋಡ, ಕಟ್ಟೋ ಮೋಡ

(ಚಿತ್ರದುರ್ಗದಲ್ಲಿ ಆಷಾಢದ ಒಂದು ಸಂಜೆ ಆಡಿದ ಮಾತುಗಳ ಬರಹ ರೂಪ)

ಇವತ್ತು ಬೆಳಿಗ್ಗೆಯಿಂದ ಎಷ್ಟು ಜನ ತಲೆಯೆತ್ತಿ ಆಕಾಶ ನೋಡಿದ್ದೀರಿ? ಕೈ ಎತ್ತಿ ನೋಡೋಣ. ಪರವಾಗಿಲ್ಲ, ಅರ್ಧಕ್ಕಿಂತ ಜಾಸ್ತಿ ಇದ್ದೀರಿ. ಈಗ ಮಳೆ ಬರುತ್ತೋ ಇಲ್ಲವೋ ಅಂತ ನೋಡಿದವರು ಕೈ ಹಾಗೇ ಇಟ್ಟುಕೊಳ್ಳಿ, ಸುಮ್ನೆ ನೋಡಿದವರು ಇಳಿಸಿ. ನೋಡಿದಿರಾ? ಇಳಿದದ್ದು ಒಂದೇ ಕೈ. ಹಿಂದಿನ ಸಾಲಿನ ಆ ಹುಡುಗಿಯದು.

ಇದರಲ್ಲಿ ನಿಮ್ಮ ತಪ್ಪೇನೂ ಇಲ್ಲ. ನಾವು ಬರದ ಸೀಮೆಯವರು. ಮೋಡ ಅಂದರೆ ನಮಗೆ ಅಂಚೆಯವನಿದ್ದ ಹಾಗೆ. ಅವನ ಚೀಲದಲ್ಲಿ ನಮ್ಮ ಕಾಗದ ಇದೆಯಾ ಅನ್ನೋದಷ್ಟೇ ಮುಖ್ಯ, ಅವನ ಮುಖ ಯಾರು ನೋಡುತ್ತಾರೆ? ಭಾಷೆಯಲ್ಲೂ ಇದು ಕಾಣುತ್ತದೆ. ಮಳೆಗೆ ಕನ್ನಡದಲ್ಲಿ ಎಷ್ಟು ಹೆಸರು ಲೆಕ್ಕ ಹಾಕಿ. ತುಂತುರು, ಸೋನೆ, ಜಡಿಮಳೆ, ಬಿರುಮಳೆ, ಹದಮಳೆ. ಸಾಲದು ಅಂತ ನಕ್ಷತ್ರದ ಹೆಸರು ಬೇರೆ. ಭರಣಿ, ರೋಹಿಣಿ, ಆರಿದ್ರಾ, ಮಘೆ. ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆ ಮಗ ಉಂಡಷ್ಟೂ ಒಳ್ಳೇದು ಅಂತ ಗಾದೆಯೂ ಇದೆ. ಆದರೆ ಮೋಡಕ್ಕೆ? ಮೋಡ, ಮುಗಿಲು, ಕಾರ್ಮೋಡ. ಆಮೇಲೆ ತಡವರಿಸುತ್ತೇವೆ. ಮುಗಿಲು ಕೂಡ ಉತ್ತರಕ್ಕೆ ಹೋದ ಹಾಗೆ ಆಕಾಶವೇ ಆಗಿಬಿಡುತ್ತದೆ.

ನಮ್ಮ ತಾತ ಚಳ್ಳಕೆರೆ ಕಡೆ ಶೇಂಗಾ ಬೆಳೆಯುತ್ತಿದ್ದರು. ಅವರ ಬಳಿ ಮೋಡಕ್ಕೆ ಎರಡೇ ಹೆಸರಿದ್ದವು. ಓಡೋ ಮೋಡ, ಕಟ್ಟೋ ಮೋಡ. ಆಷಾಢದಲ್ಲಿ ಬೂದು ಬಣ್ಣದ ಮೋಡಗಳು ಪಡುವಣದಿಂದ ಸಾಲುಗಟ್ಟಿ ಬರುತ್ತಿದ್ದವು. ನಾನು ಚಿಕ್ಕವನು, ಕುಣಿಯುತ್ತಿದ್ದೆ. ತಾತ ಬೀಡಿ ಹಚ್ಚಿಕೊಂಡು ಹೇಳುತ್ತಿದ್ದರು: "ಇದು ಓಡೋ ಮೋಡ ಕಣಪ್ಪ. ನಮ್ಮದಲ್ಲ." ಯಾರದು ಅಂತ ಕೇಳಿದರೆ ಮೂಡಲ ಕಡೆ ಕೈ ತೋರಿಸುತ್ತಿದ್ದರು. ಮೇ ತಿಂಗಳಲ್ಲಿ ಮಧ್ಯಾಹ್ನದ ಹೊತ್ತು ಒಂದೇ ಕಡೆ ನಿಂತು ಮೇಲಕ್ಕೆ ಏರುತ್ತಿತ್ತಲ್ಲ, ಅದು ಕಟ್ಟೋ ಮೋಡ. ಅದು ಕಂಡರೆ ಎತ್ತು ಬಿಚ್ಚಿ ಕೊಟ್ಟಿಗೆಗೆ ಹೊಡೆಯುತ್ತಿದ್ದರು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದ ಮೇಲೆ ನನಗೆ ಅನ್ನಿಸಿದ್ದು, ತಾತನ ಎರಡು ಹೆಸರು ಎಷ್ಟು ಗಟ್ಟಿ ಅಂತ. ಎರಡೂ ಕ್ರಿಯಾಪದಗಳು. ಮೋಡ ಹೇಗಿದೆ ಅಂತ ಅವರು ನೋಡುತ್ತಿರಲಿಲ್ಲ, ಏನು ಮಾಡುತ್ತಿದೆ ಅಂತ ನೋಡುತ್ತಿದ್ದರು. ಇವತ್ತು ನಾನು ಹೇಳಬೇಕು ಅಂದುಕೊಂಡಿರೋದೂ ಅದನ್ನೇ. ಮೋಡ ನೋಡೋದು ಅಂದರೆ ಫೋಟೋ ನೋಡಿದ ಹಾಗೆ ಅಲ್ಲ, ಆಟ ನೋಡಿದ ಹಾಗೆ. ಐದು ನಿಮಿಷ ಕೂರದಿದ್ದರೆ ಯಾರು ಯಾವ ಕಡೆ ಆಡುತ್ತಿದ್ದಾರೆ ಅಂತಲೇ ಗೊತ್ತಾಗಲ್ಲ.

ಹೆಸರಿನ ವಿಷಯ ಬಂತಲ್ಲ, ಅದನ್ನು ಮುಗಿಸಿಬಿಡುತ್ತೇನೆ. 1802ರ ಡಿಸೆಂಬರಿನಲ್ಲಿ ಲಂಡನ್ನಿನ ಒಂದು ಚಿಕ್ಕ ವಿಜ್ಞಾನ ಕೂಟದಲ್ಲಿ ಲ್ಯೂಕ್ ಹೊವರ್ಡ್ ಅನ್ನೋ ಮೂವತ್ತು ವರ್ಷದ ವ್ಯಕ್ತಿ ಒಂದು ಉಪನ್ಯಾಸ ಕೊಟ್ಟ. ವೃತ್ತಿಯಲ್ಲಿ ಔಷಧಿ ಮತ್ತು ರಾಸಾಯನಿಕ ತಯಾರಿಸುವವನು. ಹುಡುಗನಾಗಿದ್ದಾಗಿನಿಂದ ಕಿಟಕಿಯಲ್ಲಿ ಕೂತು ಆಕಾಶ ನೋಡೋ ಚಟ. ಆ ಕೂಟದ ನಿಯಮ ಏನಪ್ಪಾ ಅಂದರೆ, ಸರದಿ ಬಂದಾಗ ಮಾತಾಡದಿದ್ದರೆ ದಂಡ ಕಟ್ಟಬೇಕು. ನಮ್ಮಲ್ಲಿ ಮಾತಾಡಿದವರಿಗೆ ದಂಡ ಹಾಕಬೇಕು ಅನ್ನಿಸೋದು ಜಾಸ್ತಿ, ಅದು ಬೇರೆ ವಿಷಯ. ಅವನು ಅವತ್ತು ಮೋಡಗಳಿಗೆ ಹೆಸರಿಟ್ಟ. ಅಲ್ಲಿಯವರೆಗೂ ಮೋಡ ಅಂದರೆ ಕ್ಷಣಕ್ಕೊಂದು ಆಕಾರ, ಹೆಸರಿಡೋಕೆ ಆಗಲ್ಲ ಅಂತ ಎಲ್ಲರೂ ಕೈಬಿಟ್ಟಿದ್ದರು. ಅದೇ ವರ್ಷ ಫ್ರಾನ್ಸಿನಲ್ಲಿ ಲಾಮಾರ್ಕ್ ಕೂಡ ಒಂದು ಪಟ್ಟಿ ಮಾಡಿದ್ದ, ಫ್ರೆಂಚ್ ಹೆಸರುಗಳದ್ದು. ಅದು ಹಿಡಿಯಲಿಲ್ಲ. ಹೊವರ್ಡ್‌ನ ಲ್ಯಾಟಿನ್ ಹೆಸರುಗಳು ಹಿಡಿದವು. ಜರ್ಮನ್ ಕವಿ ಗಯಟೆ ಅವನ ಮೇಲೆ ಪದ್ಯವನ್ನೇ ಬರೆದ.

ಲ್ಯಾಟಿನ್ ಅಂತ ಹೆದರಬೇಡಿ. ಸಿರಸ್ ಅಂದರೆ ಗುಂಗುರು ಕೂದಲು. ಕ್ಯುಮುಲಸ್ ಅಂದರೆ ರಾಶಿ. ಸ್ಟ್ರೇಟಸ್ ಅಂದರೆ ಹಾಸು. ಇಷ್ಟೇ. ಗುಂಗುರು ಮೋಡ, ರಾಶಿ ಮೋಡ, ಹಾಸು ಮೋಡ. ಕಣದಲ್ಲಿ ರಾಗಿ ರಾಶಿ ನೋಡಿದವರಿಗೆ, ಅಂಗಳದಲ್ಲಿ ಕಂಬಳಿ ಹಾಸಿದವರಿಗೆ ಇನ್ನೇನು ಹೇಳಿಕೊಡಬೇಕು? ಮಳೆ ಸುರಿಸೋದಕ್ಕೆ ನಿಂಬಸ್ ಅಂತ ಸೇರಿಸುತ್ತಾರೆ. ನಡು ಎತ್ತರದಲ್ಲಿದ್ದರೆ ಆಲ್ಟೋ ಅಂತ ಮುಂದೆ ಹಾಕುತ್ತಾರೆ. ಇವನ್ನೇ ಅತ್ತ ಇತ್ತ ಜೋಡಿಸಿ ಇವತ್ತು ಪ್ರಪಂಚದ ಎಲ್ಲ ಹವಾಮಾನ ಕೇಂದ್ರಗಳಲ್ಲಿ ಬಳಸುವ 10 ಮುಖ್ಯ ಜಾತಿಗಳಾಗಿವೆ. 1896ರಲ್ಲಿ ಮೊದಲ ಅಂತರರಾಷ್ಟ್ರೀಯ ಮೋಡಗಳ ಅಟ್ಲಾಸ್ ಬಂತು. 2017ರಲ್ಲೂ ಅದಕ್ಕೆ ಹೊಸ ಹೆಸರುಗಳು ಸೇರಿದವು. ಹತ್ತನ್ನೂ ಬಾಯಿಪಾಠ ಮಾಡಬೇಡಿ. ನಾನು ಮಕ್ಕಳ ಕೈಲಿ ಮಾಡಿಸಿದ್ದೇನೆ, ಏನೂ ಉಪಯೋಗ ಆಗಲಿಲ್ಲ. ಪರೀಕ್ಷೆಯಲ್ಲಿ ಬರೆದರು, ಹೊರಗೆ ಬಂದು ತಲೆ ಎತ್ತಲಿಲ್ಲ.

ಶುರು ಮಾಡಬೇಕಾದದ್ದು ಒಂದೇ ಒಂದು ರಾಶಿ ಮೋಡದಿಂದ. ದಸರೆ ಕಳೆದ ಮೇಲೆ, ಮಳೆ ನಿಂತು ಗಾಳಿ ತೊಳೆದ ಹಾಗಿರುವ ದಿನ, ಬೆಳಿಗ್ಗೆ ಹತ್ತೂವರೆ ಹನ್ನೊಂದರ ಹೊತ್ತಿಗೆ ಮನೆ ಮಾಳಿಗೆ ಹತ್ತಿ. ಹತ್ತಿಯ ಉಂಡೆಗಳ ಹಾಗೆ ಚಿಕ್ಕ ಚಿಕ್ಕ ಮೋಡ ಇರುತ್ತವೆ. ಒಂದನ್ನು ಆರಿಸಿಕೊಳ್ಳಿ, ಅತಿ ಚಿಕ್ಕದು. ಅದನ್ನು ಬಿಟ್ಟು ಬೇರೆ ನೋಡಬೇಡಿ. ಮೊದಲು ಅಂಚು ಗಟ್ಟಿಯಾಗಿ, ಹೂಕೋಸಿನ ಹಾಗೆ ಇರುತ್ತದೆ. ಸ್ವಲ್ಪ ಹೊತ್ತಿಗೆ ಅಂಚು ಸಡಿಲವಾಗುತ್ತದೆ, ಹಿಂಜಿದ ಹತ್ತಿ ಆಗುತ್ತದೆ. ಮಧ್ಯದಲ್ಲಿ ನೀಲಿ ಕಾಣುತ್ತದೆ. ಆಮೇಲೆ ಇಲ್ಲ. ಹತ್ತು ಹದಿನೈದು ನಿಮಿಷದಲ್ಲಿ ನಿಮ್ಮ ಕಣ್ಣೆದುರೇ ಒಂದು ಮೋಡ ಇಲ್ಲವಾಗಿಬಿಡುತ್ತದೆ. ಮೊದಲ ಸಲ ಇದನ್ನು ನೋಡಿದಾಗ ನನಗೆ ನಲವತ್ತು ವರ್ಷ. ಅಲ್ಲಿಯವರೆಗೂ ಮೋಡ ಎಲ್ಲೋ ಹೋಗುತ್ತದೆ ಅಂದುಕೊಂಡಿದ್ದೆ. ಎಲ್ಲಿಗೂ ಹೋಗಲ್ಲ, ಅಲ್ಲೇ ಮುಗಿಯುತ್ತದೆ.

ಆ ಮೋಡಗಳ ತಳ ನೋಡಿ. ಎಲ್ಲದರದ್ದೂ ಸಪಾಟು, ಅದೂ ಒಂದೇ ಮಟ್ಟದಲ್ಲಿ, ಕಾಣದ ಗಾಜಿನ ಮೇಲೆ ಇಟ್ಟ ಹಾಗೆ. ಯಾಕೆ ಗೊತ್ತಾ? ಬಿಸಿಲಿಗೆ ನೆಲ ಕಾಯುತ್ತದೆ, ನೆಲದ ಗಾಳಿ ಬಿಸಿಯಾಗಿ ಏರುತ್ತದೆ. ಏರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದರೆ ತಣ್ಣಗಾಗುತ್ತದೆ. ಒಂದು ಕಿ.ಮೀ.ಗೆ ಸುಮಾರು 10 ಡಿಗ್ರಿ. ಯಾವುದೋ ಒಂದು ಎತ್ತರದಲ್ಲಿ ಅದರೊಳಗಿನ ಆವಿ ಆವಿಯಾಗಿ ಇರೋಕೆ ಆಗದೆ ಹನಿ ಆಗುತ್ತದೆ. ಆ ಎತ್ತರವೇ ಮೋಡದ ತಳ. ಇದನ್ನು ನೀವೇ ಲೆಕ್ಕ ಹಾಕಬಹುದು. ಮೊಬೈಲಿನ ಹವಾಮಾನ ಆ್ಯಪ್‌ನಲ್ಲಿ ಉಷ್ಣತೆ ಇರುತ್ತದೆ, ಡ್ಯೂ ಪಾಯಿಂಟ್ ಅಂತ ಇನ್ನೊಂದು ಸಂಖ್ಯೆಯೂ ಇರುತ್ತದೆ. ಗಾಳಿ ಎಷ್ಟಕ್ಕೆ ತಣಿದರೆ ಇಬ್ಬನಿ ಕಟ್ಟುತ್ತದೆ ಅನ್ನೋ ಲೆಕ್ಕ ಅದು. ಒಂದರಿಂದ ಇನ್ನೊಂದು ಕಳೆದು 125ರಿಂದ ಗುಣಿಸಿ. ಉಷ್ಣತೆ 30, ಡ್ಯೂ ಪಾಯಿಂಟ್ 22 ಇದ್ದರೆ ವ್ಯತ್ಯಾಸ 8. ಎಂಟು ನೂರಿಪ್ಪತ್ತೈದಲಿ ಸಾವಿರ. ರಾಶಿ ಮೋಡದ ತಳ ನಿಮ್ಮ ತಲೆಯಿಂದ ಸುಮಾರು 1000 ಮೀಟರ್ ಮೇಲೆ. ನಮ್ಮ ಹುಡುಗರು ಗಣಿತದಲ್ಲಿ ಇಷ್ಟಪಟ್ಟು ಮಾಡಿದ ಲೆಕ್ಕ ಇದೊಂದೇ.

ಹನಿ ಆಗೋಕೆ ಇನ್ನೊಂದು ಬೇಕು. ಕೂರೋಕೆ ಒಂದು ಜಾಗ. ದೂಳು, ಹೊಗೆ, ಸಮುದ್ರದ ಉಪ್ಪಿನ ಕಣ, ಇಂಥದ್ದರ ಸುತ್ತಲೇ ಆವಿ ಹನಿಗಟ್ಟೋದು. ಕಾಳಿದಾಸ ಮೇಘ ಅಂದರೆ ಹೊಗೆ, ಬೆಳಕು, ನೀರು, ಗಾಳಿ ಸೇರಿದ ಕೂಟ ಅಂದಿದ್ದ. ಆ ಪಟ್ಟಿಯಲ್ಲಿ ಹೊಗೆ ಯಾಕೆ ಬಂತು ಅಂತ ನನಗೆ ಬಹಳ ದಿನ ಅರ್ಥ ಆಗಿರಲಿಲ್ಲ. ಯಜ್ಞದ ಹೊಗೆ ಮೋಡ ಆಗುತ್ತದೆ ಅನ್ನೋ ಹಳೇ ನಂಬಿಕೆಯಿಂದ ಬಂದಿರಬೇಕು. ಇರಲಿ, ಪಟ್ಟಿ ಮಾತ್ರ ಸರಿಯಾಗಿಯೇ ಇದೆ.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ಕ್ಷಮಿಸಿ. 1894ರಲ್ಲಿ ಸಿ. ಟಿ. ಆರ್. ವಿಲ್ಸನ್ ಅನ್ನೋ ಯುವಕ ಸ್ಕಾಟ್ಲೆಂಡಿನ ಬೆನ್ ನೆವಿಸ್ ಬೆಟ್ಟದ ತುದಿಯಲ್ಲಿದ್ದ ವೀಕ್ಷಣಾಲಯದಲ್ಲಿ ಎರಡು ವಾರ ಇದ್ದ. ಬೆನ್ನಿಗೆ ಸೂರ್ಯ, ಕೆಳಗೆ ಮೋಡ. ಮೋಡದ ಮೇಲೆ ಬಿದ್ದ ನೆರಳಿನ ಸುತ್ತ ಬಣ್ಣದ ಉಂಗುರಗಳು. ದೇವರ ಹಿಂದಿನ ಪ್ರಭಾವಳಿ ಇದ್ದ ಹಾಗೆ. ಅದನ್ನು ಪ್ರಯೋಗಾಲಯದಲ್ಲಿ ಮಾಡಿ ನೋಡಬೇಕು ಅಂತ ಹುಚ್ಚು ಹಿಡಿಯಿತು. ಗಾಜಿನ ಪಾತ್ರೆಯಲ್ಲಿ ಮೋಡ ಕಟ್ಟಿಸೋಕೆ ಹೋದ. ಹೋಗಿ ಹೋಗಿ ಆ ಪಾತ್ರೆಯಲ್ಲಿ ಕಣ್ಣಿಗೆ ಕಾಣದ ಕಣಗಳು ಹಾದುಹೋದ ದಾರಿ ಕಾಣಿಸಿಕೊಂಡಿತು. ಅದಕ್ಕೆ 1927ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಮೋಡ ನೋಡ್ತಾ ಕೂತರೆ ಹೊಟ್ಟೆ ತುಂಬುತ್ತಾ ಅಂತ ಮನೆಯಲ್ಲಿ ಯಾರಾದರೂ ಕೇಳಿದರೆ ಈ ಹೆಸರು ಹೇಳಿ. ವಿಮಾನದಲ್ಲಿ ಹೋಗುವವರು ಸೂರ್ಯ ಇಲ್ಲದ ಬದಿಯ ಕಿಟಕಿ ಸೀಟು ಹಿಡಿಯಿರಿ. ಕೆಳಗಿನ ಮೋಡದ ಮೇಲೆ ವಿಮಾನದ ನೆರಳು, ಅದರ ಸುತ್ತ ಅದೇ ಪ್ರಭಾವಳಿ ಕಾಣುತ್ತದೆ.

ಸರಿ, ಮೋಡ ಎಷ್ಟು ಭಾರ ಇರಬಹುದು? ಉದ್ದ, ಅಗಲ, ಎತ್ತರ ಒಂದೊಂದು ಕಿ.ಮೀ. ಇರುವ ರಾಶಿ ಮೋಡ ತೆಗೆದುಕೊಳ್ಳಿ. ಒಂದು ಘನ ಮೀಟರಿನಲ್ಲಿ ಸುಮಾರು ಅರ್ಧ ಗ್ರಾಂ ನೀರು. ಅರ್ಧ ಗ್ರಾಂ ಅಂದರೆ ಎಂಟು ಹತ್ತು ಹನಿ. ಒಟ್ಟು ಸೇರಿಸಿದರೆ 500 ಟನ್. ನಮಗೆ ಅರ್ಥ ಆಗೋ ಹಾಗೆ ಹೇಳಬೇಕು ಅಂದರೆ 10 ಸಾವಿರ ಲೀಟರಿನ ಟ್ಯಾಂಕರ್ 50. ಅಷ್ಟೇನಾ ಅನ್ನಿಸ್ತಾ ಇದೆ ಅಲ್ವಾ? ಬೇಸಿಗೆಯಲ್ಲಿ ಟ್ಯಾಂಕರ್ ಎಣಿಸಿದವರಿಗೆ ಹಾಗೇ ಅನ್ನಿಸೋದು. ಅಷ್ಟು ಭಾರ ಮೇಲೆ ಹೇಗೆ ನಿಂತಿದೆ ಅಂದರೆ, ಒಂದೊಂದು ಹನಿ ಅಷ್ಟು ಸಣ್ಣದು. ಬೀಳೋದು ಬೀಳುತ್ತಲೇ ಇರುತ್ತದೆ, ಸೆಕೆಂಡಿಗೆ ಒಂದು ಸೆಂಟಿಮೀಟರ್ ಲೆಕ್ಕದಲ್ಲಿ. ಕೆಳಗಿನಿಂದ ಏರುವ ಗಾಳಿ ಅದಕ್ಕಿಂತ ಜೋರು. ಸುಮಾರು ಹತ್ತು ಲಕ್ಷ ಇಂಥ ಹನಿ ಸೇರಿದರೆ ನಿಮ್ಮ ಮೂಗಿನ ಮೇಲೆ ಬೀಳೋ ಒಂದು ಮಳೆಹನಿ.

ಈಗ ಎತ್ತರ. ಇದರಲ್ಲಿ ಎಲ್ಲರೂ ಎಡವುತ್ತಾರೆ, ನಾನೂ ಎಡವಿದ್ದೇನೆ. ಆಕಾಶದಲ್ಲಿ ಅಳತೆಗೆ ಮರ ಇಲ್ಲ, ಮನೆ ಇಲ್ಲ. ಅದಕ್ಕೆ ಕೈಯನ್ನೇ ಅಳತೆಗೋಲು ಮಾಡಿಕೊಳ್ಳಬೇಕು. ತೋಳು ಪೂರ್ತಿ ಚಾಚಿ, ಹೀಗೆ. ಮೋಡದ ತುಣುಕುಗಳು ಕಿರುಬೆರಳಿನ ಅಗಲಕ್ಕಿಂತ ಸಣ್ಣ ಇದ್ದರೆ, ರವೆ ಚೆಲ್ಲಿದ ಹಾಗಿದ್ದರೆ, ತುಂಬಾ ಮೇಲಿನದು, ಸಿರೋಕ್ಯುಮುಲಸ್. ಮೂರು ಬೆರಳಿನವರೆಗೂ ಇದ್ದರೆ ನಡುವಿನದು, ಆಲ್ಟೋಕ್ಯುಮುಲಸ್. ಅದಕ್ಕಿಂತ ದೊಡ್ಡ ಹೆಂಟೆಗಳಿದ್ದರೆ ಕೆಳಗಿನದು, ಸ್ಟ್ರೇಟೋಕ್ಯುಮುಲಸ್. ಈಗ ಹೊರಗೆ ಹೋಗುತ್ತಿರೋದು ಅದೇ. ಉಳಿದ ಹಾಸು ಮೋಡಗಳಿಗೆ ನೆರಳೇ ಸಾಕು. ಬಿಳಿ ಪೊರೆ ಇದ್ದರೂ ನೆಲದ ಮೇಲೆ ನಿಮ್ಮ ನೆರಳು ಬೀಳುತ್ತಿದ್ದರೆ ಅದು ಮೇಲಿನ ಪೊರೆ. ಸೂರ್ಯ ಬಚ್ಚಲುಮನೆ ಕಿಟಕಿಯ ಗಾಜಿನಾಚೆ ಇದ್ದ ಹಾಗೆ ಮಸುಕಾಗಿ, ನೆರಳು ಮಾಯವಾದರೆ ನಡುವಿನದು. ಮೇಲಿನ ಪೊರೆಯಲ್ಲಿರೋದು ಮಂಜುಗಡ್ಡೆಯ ಹರಳು. ಚಂದ್ರನ ಸುತ್ತ ದೊಡ್ಡ ಬಳೆ ಮೂಡಿಸೋದು ಇದೇ. ಬಳೆ ಎಷ್ಟು ದೂರ ಇದೆ ಅಂತ ಚಾಚಿದ ಕೈಯ ಗೇಣಿನಲ್ಲಿ ಅಳೆದು ನೋಡಿ. ಹೆಬ್ಬೆರಳು ಚಂದ್ರನ ಮೇಲಿಟ್ಟರೆ ಕಿರುಬೆರಳು ಹೆಚ್ಚುಕಮ್ಮಿ ಬಳೆಯ ಮೇಲೆ ಬರುತ್ತದೆ. ಯಾವ ಊರಿನಲ್ಲಿ ನೋಡಿದರೂ ಅಷ್ಟೇ, 22 ಡಿಗ್ರಿ.

ಇಷ್ಟೆಲ್ಲಾ ಕಲಿತ ಹೊಸದರಲ್ಲಿ ನನಗೆ ಸ್ವಲ್ಪ ಜಂಬ ಬಂದಿತ್ತು. ಅದು ಇಳಿದ ಕಥೆ ಹೇಳುತ್ತೇನೆ.

ಏಪ್ರಿಲ್ ತಿಂಗಳು. ಅವ್ವ ಮಾಳಿಗೆ ಮೇಲೆ ಹಳೇ ಸೀರೆ ಹಾಸಿ ಅರಳು ಸಂಡಿಗೆ ಇಟ್ಟಿದ್ದರು. ಮಧ್ಯಾಹ್ನ ಮೂರು ಗಂಟೆಗೆ ಗುಡ್ಡದ ಹಿಂದಿನಿಂದ ಬಿಳಿ ಪೊರೆಯೊಂದು ನಿಧಾನಕ್ಕೆ ತಲೆ ಮೇಲೆ ಹರಡಿತು. ಅವ್ವ ಕೆಳಗಿನಿಂದ ಕೂಗಿದರು, "ಮೋಡ ಆಗ್ತಾ ಐತೆ, ಸಂಡಿಗೆ ತೆಗೀಲೇನೋ?" ನಾನು ಹೊರಗೆ ಬಂದು ನೆರಳು ನೋಡಿದೆ. ನೆರಳು ಬೀಳುತ್ತಿತ್ತು. "ಇದು ಎಂಟು ಹತ್ತು ಕಿಲೋಮೀಟರ್ ಮೇಲಿನ ಮೋಡ ಅವ್ವ, ಬರೀ ಮಂಜುಗಡ್ಡೆ, ಇದರಿಂದ ಮಳೆ ಬರಲ್ಲ" ಅಂದೆ. ಒಂದಕ್ಷರವೂ ತಪ್ಪಿರಲಿಲ್ಲ. ಅರ್ಧ ಗಂಟೆಯಲ್ಲಿ ಎಲ್ಲಿಂದಲೋ ತಣ್ಣನೆ ಗಾಳಿ ನುಗ್ಗಿತು, ಮಣ್ಣಿನ ವಾಸನೆ ಬಂತು. ಬಾಗಿಲು ದಢ್ ಅಂತು. ನಾನು ಏಣಿ ಹತ್ತೋ ಹೊತ್ತಿಗೆ ಆಲಿಕಲ್ಲು ಬೀಳುತ್ತಿತ್ತು. ಸಂಡಿಗೆ ಸೀರೆಗೆ ಅಂಟಿ ಗಂಜಿ ಆಯಿತು. ಅವ್ವ ಏನೂ ಬೈಯಲಿಲ್ಲ. ಒದ್ದೆ ಸೀರೆ ಹಿಂಡುತ್ತಾ, "ಮೊದಲು ನಿನ್ನ ಪುಸ್ತಕ ಒಣಗಿಸು" ಅಂದರು.

ಏನಾಗಿತ್ತು ಅಂದರೆ, ಗುಡ್ಡದ ಮರೆಯಲ್ಲಿ ತಾತನ ಕಟ್ಟೋ ಮೋಡ ಇತ್ತು. ಕ್ಯುಮುಲೋನಿಂಬಸ್. ರಾಶಿ ಮೋಡ ಏರಿ ಏರಿ ನಮ್ಮ ಕಡೆ 15 ಕಿ.ಮೀ. ದಾಟುತ್ತದೆ. ಅಷ್ಟು ಮೇಲೆ ಹೋದ ಮೇಲೆ ಒಂದು ಸೂರು ಸಿಗುತ್ತದೆ. ಅಲ್ಲಿಂದಾಚೆ ಗಾಳಿ ತಣ್ಣಗಾಗೋದು ನಿಲ್ಲುತ್ತದೆ, ಮೋಡ ಏರೋದೂ ನಿಲ್ಲುತ್ತದೆ. ಸೂರಿಗೆ ತಾಗಿದ ಹೊಗೆ ಹೇಗೆ ಅಡ್ಡಡ್ಡ ಹರಡುತ್ತದೋ ಹಾಗೆ ಹರಡುತ್ತದೆ. ದೂರದಿಂದ ನೋಡಿದರೆ ಕಮ್ಮಾರನ ಅಡಿಗಲ್ಲಿನ ಆಕಾರ. ನನ್ನ ತಲೆ ಮೇಲೆ ಬಂದಿದ್ದ ತೆಳು ಪೊರೆ ಆ ಅಡಿಗಲ್ಲಿನ ಚಾಚಿದ ಅಂಚು. ಪೊರೆಯ ಹೆಸರು ನಾನು ಸರಿಯಾಗಿ ಹೇಳಿದ್ದೆ, ಅದು ಎಲ್ಲಿಂದ ಬಂತು ಅಂತ ಕೇಳಲಿಲ್ಲ. ತಾತ ಇದ್ದಿದ್ದರೆ ಕೇಳುತ್ತಿದ್ದರು.

ಮೊದಲು ನುಗ್ಗಿದ ಆ ತಣ್ಣನೆ ಗಾಳಿ ಇದೆಯಲ್ಲ, ಅದೂ ಮೋಡದ್ದೇ. ಬೀಳುವ ಮಳೆ ದಾರಿಯಲ್ಲಿ ಆವಿಯಾಗುತ್ತಾ ಸುತ್ತಲಿನ ಗಾಳಿಯನ್ನು ತಣಿಸುತ್ತದೆ. ತಣಿದ ಗಾಳಿ ಭಾರ, ಕೆಳಗೆ ಬಿದ್ದು ನಾಲ್ಕೂ ಕಡೆ ಹರಿಯುತ್ತದೆ. ಮಳೆಗಿಂತ ಮೊದಲೇ ನಿಮ್ಮ ಮನೆ ಮುಟ್ಟುತ್ತದೆ, ಎಲ್ಲೋ ನೆಂದ ಮಣ್ಣಿನ ವಾಸನೆಯನ್ನೂ ಹೊತ್ತು ತರುತ್ತದೆ. ಈಗ ನಮ್ಮನೆಯಲ್ಲಿ ಆ ವಾಸನೆ ಬಂದರೆ ಯಾರೂ ನನ್ನ ಅಭಿಪ್ರಾಯ ಕೇಳಲ್ಲ, ಸೀದಾ ಮಾಳಿಗೆ ಹತ್ತುತ್ತಾರೆ.

ಕಟ್ಟೋ ಮೋಡವನ್ನು ದೂರದಿಂದಲೇ ನೋಡಿ. ಇದೊಂದು ಮಾತು ಮಕ್ಕಳು ಗಮನ ಇಟ್ಟು ಕೇಳಬೇಕು. ನಮ್ಮ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಕುರಿ ಮೇಯಿಸೋಕೆ ಹೋದವರು ಮಳೆಗೆ ಮರದ ಕೆಳಗೆ ನಿಂತು ಸಿಡಿಲಿಗೆ ಬಲಿಯಾದ ಸುದ್ದಿ ಪ್ರತಿ ವರ್ಷ ಓದುತ್ತೇವೆ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೂ ಎಣಿಸಿ. ಮೂರು ಸೆಕೆಂಡಿಗೆ ಒಂದು ಕಿ.ಮೀ. ಆದರೆ ಈ ಲೆಕ್ಕವನ್ನು ಮನೆಯೊಳಗೆ ಕೂತು ಮಾಡಿ. ಗುಡುಗು ಕಿವಿಗೆ ಬಿತ್ತು ಅಂದರೆ ಸಿಡಿಲು ನಿಮ್ಮನ್ನು ಮುಟ್ಟೋವಷ್ಟು ಹತ್ತಿರ ಇದೆ ಅಂತಲೇ ಅರ್ಥ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೂ ಹೊರಗೆ ಬರಬೇಡಿ. ಮರದ ಕೆಳಗಂತೂ ಬೇಡವೇ ಬೇಡ.

ದೂರದಿಂದ ನೋಡೋದರಲ್ಲೇ ಅದರ ಚಂದ ಜಾಸ್ತಿ. ಅಷ್ಟು ಎತ್ತರದ ಮೋಡ 200 ಕಿ.ಮೀ. ಆಚೆಯಿಂದಲೂ ಕಾಣಬಲ್ಲದು. ರಾತ್ರಿ ಊಟ ಮುಗಿಸಿ ಹೊರಗೆ ಬಂದರೆ ಆಕಾಶದ ಅಂಚಿನಲ್ಲಿ ಸದ್ದಿಲ್ಲದೆ ಮಿಂಚುತ್ತಿರುತ್ತದೆ. ಗುಡುಗು ಹದಿನೈದು ಇಪ್ಪತ್ತು ಕಿ.ಮೀ.ಗಿಂತ ಆಚೆ ಕೇಳಿಸಲ್ಲ, ಬೆಳಕು ಮಾತ್ರ ಬರುತ್ತದೆ. ಇಲ್ಲಿ ನೀವು ಬಾಳೆಹಣ್ಣು ಸುಲಿಯುತ್ತಾ ನಿಂತಿರುತ್ತೀರಿ, ಅಲ್ಲಿ ಬಳ್ಳಾರಿ ಕಡೆ ಯಾರೋ ಕರೆಂಟ್ ಹೋಯ್ತು ಅಂತ ಮೇಣದಬತ್ತಿ ಹುಡುಕುತ್ತಿರುತ್ತಾರೆ. ಸಂಜೆ ಹೊತ್ತು ಮಳೆ ಮುಗಿದ ಮೇಲೆ ಅಡಿಗಲ್ಲಿನ ತಳ ನೋಡಿ. ಕೆಲವು ಸಲ ಸಾಲು ಸಾಲು ಗಂಟುಗಳು ಜೋತುಬಿದ್ದಿರುತ್ತವೆ. ಮ್ಯಾಮಾಟಸ್ ಅನ್ನುತ್ತಾರೆ. ಲ್ಯಾಟಿನ್‌ನಲ್ಲಿ ಅದರ ಅರ್ಥ ಮೊಲೆ, ಕೆಚ್ಚಲು. ನಾನು ಕೆಚ್ಚಲು ಮೋಡ ಅಂತಲೇ ಕರೆಯೋದು. ಇಳಿಬಿಸಿಲು ಬಿದ್ದಾಗ ಆ ಒಂದೊಂದು ಕೆಚ್ಚಲೂ ಕೇಸರಿ ಬಣ್ಣಕ್ಕೆ ತಿರುಗೋದನ್ನು ನಾನು ಇದುವರೆಗೆ ನಾಲ್ಕೇ ನಾಲ್ಕು ಸಲ ನೋಡಿದ್ದೇನೆ.

ಇನ್ನು ಓಡೋ ಮೋಡ. ಅದು ಹೊರಗೆ ಈಗಲೂ ಓಡುತ್ತಿದೆ.

ಅರಬ್ಬೀ ಸಮುದ್ರದಿಂದ ಬರುವ ಗಾಳಿ ಸಹ್ಯಾದ್ರಿಗೆ ಬಂದು ಡಿಕ್ಕಿ ಹೊಡೆಯುತ್ತದೆ. ಏರಲೇಬೇಕು. ಏರಿದರೆ ತಣಿಯುತ್ತದೆ, ತಣಿದರೆ ಸುರಿಯುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ.ಗೂ ಜಾಸ್ತಿ. ಘಟ್ಟ ದಾಟಿದ ಮೇಲೆ ಗಾಳಿ ಈ ಕಡೆ ಇಳಿಯುತ್ತದೆ. ಇಳಿದರೆ ಬಿಸಿಯಾಗುತ್ತದೆ, ಮೋಡ ಕರಗುತ್ತದೆ. ಆಗುಂಬೆಯಿಂದ ಚಳ್ಳಕೆರೆಗೆ ಹಕ್ಕಿ ಹಾರೋ ದಾರಿಯಲ್ಲಿ 200 ಕಿ.ಮೀ. ಕೂಡ ಇಲ್ಲ. ಚಳ್ಳಕೆರೆಯ ಮಳೆ 500 ಮಿ.ಮೀ. ಆಸುಪಾಸು. ಅಲ್ಲಿ ಚೀಲ ಪೂರ್ತಿ ಖಾಲಿ ಮಾಡಿದ ಅಂಚೆಯವನು ಇಲ್ಲಿ ಬರೀ ಸೈಕಲ್ ಬೆಲ್ ಹೊಡೆದು ಹೋಗುತ್ತಾನೆ. ಹಿರಿಯೂರಿನ ವಾಣಿವಿಲಾಸ ಸಾಗರವನ್ನೇ ನೋಡಿ. 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಬಿದ್ದದ್ದು 2022ರಲ್ಲಿ. 89 ವರ್ಷ. ಅವತ್ತು ಕೋಡಿ ನೋಡೋಕೆ ಹೋದ ಜನದಲ್ಲಿ ನಾನೂ ಇದ್ದೆ. ಎಲ್ಲರೂ ನೀರು ನೋಡುತ್ತಿದ್ದರು. ನಾನು ಒಂದೆರಡು ಸಲ ಮೇಲೂ ನೋಡಿದೆ.

ಮಳೆ ಕೊಡದಿದ್ದರೂ ಈ ಓಡೋ ಮೋಡ ನಮ್ಮೂರಿಗೆ ಒಂದು ಕೊಟ್ಟಿದೆ, ಗಾಳಿ. ಗುಡ್ಡದ ಮೇಲಿನ ಫ್ಯಾನುಗಳು ಸುಮ್ನೆ ಬಂದವಲ್ಲ. ಆಷಾಢದಲ್ಲಿ ನೋಡಿ, ಎಲ್ಲವೂ ಪಡುವಣಕ್ಕೆ ಮುಖ ಮಾಡಿ ನಿಂತಿರುತ್ತವೆ. ತಾತನಿಗೆ ನಮ್ಮದಲ್ಲದ ಮೋಡದಿಂದ ಕರೆಂಟ್ ಬರುತ್ತೆ ಅಂತ ಹೇಳಿದ್ದರೆ ನಗುತ್ತಿದ್ದರು. ಜೋಗಿಮಟ್ಟಿ ಗುಡ್ಡದ ತುದಿಗೆ ಈಗ ಹೋದರೆ ನೀವು ಮೋಡದ ಒಳಗೇ ಇರುತ್ತೀರಿ. ಒಳಗೆ ಹೋದ ಮೇಲೆ ಮೋಡ ಅನ್ನಲ್ಲ, ಮಂಜು ಅನ್ನುತ್ತೀರಿ. ಎರಡೂ ಒಂದೇ. ರೆಪ್ಪೆ ಮೇಲೆ ಸಣ್ಣ ಸಣ್ಣ ಹನಿ ಕೂರುತ್ತವೆ.

ನಾನು ಇವತ್ತು ನಿಮ್ಮನ್ನು ಆಷಾಢದಲ್ಲೇ ಕರೆದದ್ದಕ್ಕೆ ಒಂದು ಕಾರಣ ಇದೆ. ಈ ಓಡೋ ಮೋಡಗಳ ಮಧ್ಯೆ ಆಗಾಗ ಒಂದು ಕಿಂಡಿ ಬೀಳುತ್ತದೆ. ಕಿಂಡಿಯಲ್ಲಿ ತುಂಬಾ ಮೇಲೆ, ಬೆಳ್ಳಗೆ, ಬಾಚಣಿಗೆಯಲ್ಲಿ ಎಳೆದ ಹಾಗೆ ಗುಂಗುರು ಮೋಡ ಕಾಣುತ್ತದೆ. ಅದು ಎತ್ತ ಹೋಗುತ್ತಿದೆ ನೋಡಿ. ಕೆಳಗಿನದು ಪಡುವಣದಿಂದ ಮೂಡಣಕ್ಕೆ ಓಡುತ್ತಿದ್ದರೆ ಮೇಲಿನದು ಮೂಡಣದಿಂದ ಪಡುವಣಕ್ಕೆ! ಒಂದೇ ಆಕಾಶ, ಎದುರು ಬದುರು ಎರಡು ನದಿ. ಮಳೆಗಾಲದಲ್ಲಿ ಏಷ್ಯಾದ ನೆಲ, ಅದರಲ್ಲೂ ಟಿಬೆಟ್ಟಿನ ಎತ್ತರದ ಬಯಲು ಕಾಯುತ್ತದೆ. ದಕ್ಷಿಣದ ಸಮುದ್ರ ಅಷ್ಟು ಕಾಯಲ್ಲ. ಆ ವ್ಯತ್ಯಾಸದಿಂದ 14, 15 ಕಿ.ಮೀ. ಮೇಲೆ ನಮ್ಮ ದಕ್ಷಿಣ ಭಾರತದ ನೆತ್ತಿಯ ಮೇಲೇ ಮೂಡಣದಿಂದ ಒಂದು ಬಿರುಗಾಳಿ ಹರಿಯುತ್ತದೆ. ಗಂಟೆಗೆ 100 ಕಿ.ಮೀ.ಗೂ ಜಾಸ್ತಿ ವೇಗ. ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಇರುತ್ತದೆ. ನಮ್ಮ ಹವಾಮಾನ ಇಲಾಖೆಯ ವಿಜ್ಞಾನಿ ಪಿ. ಕೋಟೇಶ್ವರಂ 1958ರಲ್ಲಿ ಇದರ ಬಗ್ಗೆ ಬರೆದರು. ಅದನ್ನು ಅಳೆಯೋಕೆ ಅವರಿಗೆ ಬಲೂನುಗಳು ಬೇಕಾದವು. ಇದೆ ಅಂತ ನೋಡೋಕೆ ನಮಗೆ ಒಂದು ಕಿಂಡಿ ಸಾಕು.

ನೋಡೋ ಉಪಾಯ ಹೇಳುತ್ತೇನೆ. ಬರೀ ಕಣ್ಣಲ್ಲಿ ನೋಡಿದರೆ ಮೋಸ ಹೋಗುತ್ತೀರಿ. ಕೆಳಗಿನ ಮೋಡ ಓಡುವಾಗ ಮೇಲಿನದು ಹಿಂದಕ್ಕೆ ಹೋದ ಹಾಗೆ ಹೇಗಿದ್ದರೂ ಕಾಣುತ್ತದೆ, ಬಸ್ಸಿನಲ್ಲಿ ಕೂತಾಗ ಮರಗಳು ಹಿಂದೆ ಓಡಿದ ಹಾಗೆ. ಅದಕ್ಕೆ ಅಲ್ಲಾಡದ ಒಂದು ವಸ್ತು ಹಿಡಿಯಿರಿ. ನೀರಿನ ಟ್ಯಾಂಕಿನ ಮೂಲೆ, ಲೈಟ್ ಕಂಬ. ತಲೆಯನ್ನು ಗೋಡೆಗೆ ಒರಗಿಸಿ. ಬಿಳಿ ಎಳೆಯ ತುದಿಯನ್ನು ಟ್ಯಾಂಕಿನ ಮೂಲೆಗೆ ಜೋಡಿಸಿ. ಕೆಳಗಿನವು ಸರಸರ ಹೋಗುತ್ತಿರುತ್ತವೆ, ಹೋಗಲಿ. ಮೇಲಿನದು ತುಂಬಾ ದೂರ ಇರೋದರಿಂದ ಕದಲೋದೇ ಗೊತ್ತಾಗಲ್ಲ. ಒಂದೆರಡು ನಿಮಿಷ ಬೇಕು. ಅಷ್ಟರಲ್ಲಿ ಕಿಂಡಿ ಮುಚ್ಚಿಕೊಳ್ಳಬಾರದು, ಪಕ್ಕದ ಮನೆಯವರು ಏನಾಯ್ತು ಮೇಷ್ಟ್ರೇ ಅಂತ ಕೇಳಬಾರದು.

ಈ ವರ್ಷ ನನಗೆ ಇನ್ನೂ ಕಂಡಿಲ್ಲ. ಮೂರು ವಾರದಿಂದ ಸಂಜೆ ಸಂಜೆ ಮಾಳಿಗೆ ಹತ್ತಿ ಇಳಿಯುತ್ತಿದ್ದೇನೆ. ಕಿಂಡಿ ಬಿದ್ದಾಗ ಗುಂಗುರು ಇರಲ್ಲ, ಗುಂಗುರು ಇದ್ದಾಗ ಕಿಂಡಿ ಒಂದು ನಿಮಿಷವೂ ನಿಲ್ಲಲ್ಲ. ಆಗಲೇ ಕಿಟಕಿ ಹತ್ತಿರ ಕೂತಿರೋ ಆ ಹುಡುಗಿ, ಕೈ ಇಳಿಸಿದಳಲ್ಲ, ಅವಳು ಹತ್ತು ನಿಮಿಷದಿಂದ ನನ್ನ ಮಾತು ಕೇಳುತ್ತಿಲ್ಲ. ಹೊರಗೇ ನೋಡುತ್ತಿದ್ದಾಳೆ. ಏನಮ್ಮಾ, ಕಿಂಡಿ ಬಿತ್ತಾ? ತಡಿ, ಅಲ್ಲೇ ಇರು, ತಲೆ ಅಲ್ಲಾಡಿಸಬೇಡ. ನಾನೇ ಬಂದೆ.